ಗಡಿ ದಾಟಿದರೆ ಮೀಸಲಾತಿ ಸಿಗುತ್ತದಾ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವರು. ಮರಾಟಿ ಸಮುದಾಯ. ಮಗಳು ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಪ್ಲಸ್ ಟು ಸಯನ್ಸ್. ಎಂಬಿಬಿಎಸ್ ಅಥವಾ ಇಂಜಿನಿಯರಿಂಗ್ ಮಾಡುವ ಆಸೆ. ಪುತ್ತೂರಿಗೆ ಮದುವೆಯಾಗಿ ಹೋದ ನನ್ನ ತಂಗಿಯ ಮಗನಿಗೆ ಕರ್ನಾಟಕದಲ್ಲಿ ಎಸ್‌ಟಿ ಮೀಸಲಾತಿಯಲ್ಲಿ ಸೀಟು ಸಿಕ್ಕಿತು. ನನ್ನ ಮಗಳಿಗೂ ಅಲ್ಲಿ ಸಿಗಬಹುದಾ? ಗಡಿನಾಡ ಕನ್ನಡಿಗರ ಕೋಟಾ ಅಂತ ಒಂದಿದೆಯಂತೆ. ಎರಡನ್ನೂ ಒಟ್ಟಿಗೆ ಕೇಳಬಹುದಾ? ಇನ್ನೊಂದು ಸಂಕಟ ಇದೆ. ಕ್ಲಾಸಿನಲ್ಲಿ ಯಾರೋ 'ನಿನಗೇನು, ಕೋಟಾ ಇದೆಯಲ್ಲ' ಅಂದರಂತೆ. ಅಂದಿನಿಂದ ಅವಳು ಎಸ್‌ಟಿ ಅಂತ ಬರೆಯುವುದೇ ಇಲ್ಲ, ಜನರಲ್‌ನಲ್ಲೇ ಅರ್ಜಿ ಹಾಕ್ತೇನೆ ಅಂತ ಹಠ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕೇರಳದ ಎಸ್‌ಟಿ ಸರ್ಟಿಫಿಕೇಟ್ ಹಿಡಿದುಕೊಂಡು ಕರ್ನಾಟಕದ ಎಸ್‌ಟಿ ಸೀಟು ಕೇಳಲು ಆಗುವುದಿಲ್ಲ. ಗಡಿನಾಡ ಕನ್ನಡಿಗಳಾಗಿ ಅಲ್ಲಿನ ಸರಕಾರಿ ಸೀಟಿಗೆ ಅರ್ಜಿ ಹಾಕಬಹುದು, ಆದರೆ ಜನರಲ್ ಮೆರಿಟ್‌ನಲ್ಲಿ ಸ್ಪರ್ಧಿಸಬೇಕು. ಎಸ್‌ಟಿ ಮೀಸಲಾತಿ ಅವಳಿಗೆ ಇರುವುದು ಕೇರಳದಲ್ಲಿ ಮತ್ತು ಕೇಂದ್ರ ಸರಕಾರದ ಸಂಸ್ಥೆಗಳಲ್ಲಿ. ಅಲ್ಲಿ ಅದನ್ನು ಬರೆಯದೆ ಬಿಟ್ಟರೆ ನಷ್ಟ ಅವಳಿಗೆ, ಲಾಭ ಯಾರಿಗೂ ಇಲ್ಲ.

ಸಾರಡ್ಕದ ಗಡಿ ದಾಟಿದ ಕೂಡಲೇ ಒಂದೇ ಕುಟುಂಬದ ಇಬ್ಬರು ಮಕ್ಕಳಿಗೆ ಎರಡು ಲೆಕ್ಕ ಯಾಕೆ ಅಂತ ನಿಮಗೆ ಅನ್ನಿಸಿರುತ್ತದೆ. ಸಂವಿಧಾನದ 341 ಮತ್ತು 342ನೇ ವಿಧಿಗಳ ಪ್ರಕಾರ ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಒಂದು ಸಮುದಾಯ ಆ ರಾಜ್ಯದಲ್ಲಿ ಎಷ್ಟು ಹಿಂದೆ ಉಳಿದಿದೆ ಅಂತ ನೋಡಿ ಸೇರಿಸುವುದು. 1990ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮರ್ರಿ ಚಂದ್ರಶೇಖರ ರಾವ್ ಪ್ರಕರಣ ಕೂಡ ಮೆಡಿಕಲ್ ಸೀಟಿನದ್ದೇ. ಆಂಧ್ರದಲ್ಲಿ ಎಸ್‌ಟಿ ಆಗಿದ್ದ ಕುಟುಂಬದ ಹುಡುಗ, ತಂದೆಯ ಕೆಲಸದಿಂದಾಗಿ ಮುಂಬಯಿಯಲ್ಲಿ ಬೆಳೆದವನು. ಮಹಾರಾಷ್ಟ್ರದ ಎಸ್‌ಟಿ ಸೀಟು ಕೇಳಿದ. ಊರು ಬಿಟ್ಟು ಬೇರೆ ರಾಜ್ಯಕ್ಕೆ ಹೋದವರ ಜೊತೆಗೆ ಆ ಸ್ಥಾನ ಹೋಗುವುದಿಲ್ಲ ಅಂತ ಕೋರ್ಟು ತೀರ್ಪು ಕೊಟ್ಟಿತು. ಇವತ್ತಿಗೂ ಅದೇ ನಿಯಮ. ಕರ್ನಾಟಕದ ಸಿಇಟಿ ಅರ್ಜಿಯಲ್ಲಿ ಜಾತಿ ಕಾಲಂ ತುಂಬಿಸಲು ಅಲ್ಲಿನ ತಹಶೀಲ್ದಾರರು ಕೊಟ್ಟ ಸರ್ಟಿಫಿಕೇಟಿನ ಆರ್‌ಡಿ ಸಂಖ್ಯೆ ಬೇಕು. ನಿಮ್ಮ ಮಂಜೇಶ್ವರ ತಾಲೂಕು ಆಫೀಸಿನ ಕಾಗದದಲ್ಲಿ ಆ ಸಂಖ್ಯೆ ಇರುವುದಿಲ್ಲ.

ಮುಂಬಯಿಗೆ ಹೋದ ಕುಟುಂಬಕ್ಕೆ ಈ ತರ್ಕ ಸರಿ ಇರಬಹುದು. ಕಾಸರಗೋಡಿಗೆ ಅದನ್ನೇ ಹಚ್ಚುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಇಲ್ಲಿ ಜನ ಎಲ್ಲಿಗೂ ಹೋಗಲಿಲ್ಲ. 1956ರ ನವೆಂಬರ್ 1ರಂದು ಗಡಿಯೇ ಬಂದು ನಡುವೆ ಕೂತಿತು. ಅದರ ಹಿಂದಿನ ದಿನದ ತನಕ ಪೆರ್ಲವೂ ಪುತ್ತೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಅಜ್ಜಿ ಒಂದೇ, ಆಡುವ ಮಾತು ಒಂದೇ, ಮಾಡುವ ಕೂಲಿ ಕೆಲಸ ಒಂದೇ. ಪಟ್ಟಿ ಮಾತ್ರ ಎರಡು.

ಆ ಎರಡು ಪಟ್ಟಿ ಏನು ಮಾಡಿತು ಅಂತ ಮರಾಟಿಗರಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತು? 2002ರ ತಿದ್ದುಪಡಿ ಕಾಯ್ದೆ ಕೇರಳದ ಎಸ್‌ಟಿ ಪಟ್ಟಿಯಿಂದ ಮರಾಟಿ ಹೆಸರನ್ನು ತೆಗೆದುಹಾಕಿತು. 2013ರಲ್ಲಿ ಸಂಸತ್ತು ಮತ್ತೆ ಸೇರಿಸಿತು. ನಡುವಿನ ಆ ಹತ್ತು ವರ್ಷಗಳಲ್ಲಿ ಪ್ಲಸ್ ಟು ಮುಗಿಸಿದ ಮಕ್ಕಳು ಎಸ್‌ಟಿ ಸೀಟಿನ ಹತ್ತಿರ ಹೋಗಲಾಗಲಿಲ್ಲ. ಅದೇ ವರ್ಷಗಳಲ್ಲಿ ಗಡಿಯ ಆಚೆ ಅವರ ಮಾವನ ಮಕ್ಕಳು ಎಸ್‌ಟಿ ಆಗಿಯೇ ಇದ್ದರು. ಆ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಅವರಿಗೆ ತಪ್ಪಿದ ಸೀಟುಗಳನ್ನು ಯಾರೂ ವಾಪಸು ಕೊಡಲಾರರು. ನಿಮ್ಮ ಮಗಳು ಬರೆಯುವುದಿಲ್ಲ ಅನ್ನುವ ಆ ಎರಡು ಅಕ್ಷರ ಅವಳ ಊರಿನ ಹಿರಿಯರು ವರ್ಷಗಟ್ಟಲೆ ಓಡಾಡಿ, ಮನವಿ ಕೊಟ್ಟು ವಾಪಸು ಪಡೆದದ್ದು. ಇದನ್ನು ಅವಳಿಗೆ ಹೇಳಿ.

ಗಡಿ ಸರಿದಾಗ ಬೇರೆ ರೀತಿ ಯೋಚಿಸಬಹುದು ಅನ್ನುವುದಕ್ಕೆ ಒಂದು ದಾರಿ ಕಾಣುತ್ತದೆ. ಬಿಹಾರದಿಂದ ಜಾರ್ಖಂಡ್ ಬೇರೆಯಾದ ಮೇಲೆ ಬಂದ ಒಂದು ನೌಕರಿ ಪ್ರಕರಣದಲ್ಲಿ, ಮೀಸಲಾತಿಯನ್ನು ಎರಡರಲ್ಲಿ ಯಾವುದಾದರೂ ಒಂದು ರಾಜ್ಯದಲ್ಲಿ ಕೇಳಬಹುದು, ಎರಡರಲ್ಲೂ ಒಟ್ಟಿಗೆ ಕೇಳುವಂತಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಆ ವಿಭಜನೆಯ ಕಾಯ್ದೆಯನ್ನು ನೋಡಿ ಕೊಟ್ಟ ತೀರ್ಪು, ನಮಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೆ 1956ರಲ್ಲಿ ಕೈಬದಲಾದ ತಾಲೂಕುಗಳಿಗೆ ಇಂಥದ್ದೇ ಆಯ್ಕೆ ಬೇಕು ಅಂತ ನಮ್ಮ ಎಂಪಿಗಳು ಸಂಸತ್ತಿನಲ್ಲಿ ಕೇಳಬಹುದು. ಕೇಳಬೇಕು.

ಈಗ ಗಡಿನಾಡ ಕನ್ನಡಿಗರ ವಿಷಯ. ಕೋಟಾ ಅಂದ ಕೂಡಲೇ ಇಷ್ಟು ಸೀಟು ತೆಗೆದಿಟ್ಟಿದ್ದಾರೆ ಅಂತ ಜನ ತಿಳಿದುಕೊಳ್ಳುತ್ತಾರೆ. ಸಿಇಟಿಯಲ್ಲಿ ಹಾಗಿಲ್ಲ. ಅಲ್ಲಿನ ಸರಕಾರಿ ಸೀಟಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಆ ಷರತ್ತಿನಿಂದ ಗಡಿಭಾಗದ ಕೆಲವು ತಾಲೂಕುಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ತಹಶೀಲ್ದಾರರಿಂದ ವಾಸದ ಸರ್ಟಿಫಿಕೇಟ್ ಬೇಕು. ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅಷ್ಟಾದರೆ ಅವಳು ಕರ್ನಾಟಕದ ಮಕ್ಕಳ ಜೊತೆ ಅದೇ ರ‍್ಯಾಂಕ್ ಪಟ್ಟಿಯಲ್ಲಿ ನಿಲ್ಲಬಹುದು.

ಕನ್ನಡ ಪರೀಕ್ಷೆ ಕಷ್ಟದ್ದೇನಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಓದಿ ಬರೆದು ತೋರಿಸುವುದು ನೀರು ಕುಡಿದಷ್ಟು ಸುಲಭ. ಎಡವುವುದು ದಿನಾಂಕದಲ್ಲಿ. ಸಿಇಟಿ ಮುಗಿಯಿತು ಅಂತ ಮನೆಗೆ ಬಂದು ಕೂತು ಭಾಷಾ ಪರೀಕ್ಷೆ ತಪ್ಪಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಅದು ತಪ್ಪಿದರೆ ಎಷ್ಟು ಒಳ್ಳೆಯ ರ‍್ಯಾಂಕ್ ಬಂದರೂ ಪ್ರಯೋಜನವಿಲ್ಲ. ಎಷ್ಟು ವರ್ಷ ಎಲ್ಲಿ ಓದಿರಬೇಕು ಅನ್ನುವ ವಿವರದ ಮಾತುಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಿ. ಹೋದ ವರ್ಷ ಪಕ್ಕದ ಮನೆಯವರು ಹೇಳಿದ್ದನ್ನು ನಂಬಬೇಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಂಗಿಯ ಮನೆಯ ವಿಳಾಸ ಕೊಟ್ಟು ಪುತ್ತೂರಿನಲ್ಲಿ ಜಾತಿ ಸರ್ಟಿಫಿಕೇಟ್ ಮಾಡಿಸೋಣ, ರೇಷನ್ ಕಾರ್ಡಿಗೆ ಹೆಸರು ಸೇರಿಸಿದರೆ ಆಯಿತು ಅಂತ ಸಲಹೆ ಕೊಡುವವರು ಬರುತ್ತಾರೆ. ಒಪ್ಪಬೇಡಿ. 1994ರ ಮಾಧುರಿ ಪಾಟೀಲ್ ಪ್ರಕರಣದಿಂದ ಈಚೆಗೆ ಸುಳ್ಳು ಸರ್ಟಿಫಿಕೇಟಿನ ಬಗ್ಗೆ ಕೋರ್ಟುಗಳು ಬಹಳ ಬಿಗಿಯಾಗಿವೆ. ಅದೂ ವೈದ್ಯಕೀಯ ಪ್ರವೇಶದಿಂದ ಹುಟ್ಟಿದ ಪ್ರಕರಣವೇ. ಓದು ಅರ್ಧಕ್ಕೆ ನಿಲ್ಲಬಹುದು, ಪದವಿ ಸಿಕ್ಕಿದ ಮೇಲೂ ರದ್ದಾಗಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಆಚೆ ಪುತ್ತೂರಿನವಳು ಅಂತ ಬರೆದುಕೊಟ್ಟವಳು ಈಚೆ ಪೆರ್ಲದವಳು ಅಂತ ಹೇಗೆ ಸಾಧಿಸುತ್ತಾಳೆ? ನಿಜವಾಗಿ ಅವಳದ್ದೇ ಆದ ಕೇರಳದ ಹಕ್ಕಿಗೂ ಕುತ್ತು ಬರುತ್ತದೆ.

ಕೇರಳದಲ್ಲಿ ಅವಳಿಗೆ ಏನಿದೆ ನೋಡೋಣ. ಪ್ರವೇಶ ಪರೀಕ್ಷಾ ಆಯುಕ್ತರು ತುಂಬುವ ವೃತ್ತಿಪರ ಸೀಟುಗಳಲ್ಲಿ ಎಸ್‌ಟಿಗೆ 2 ಶೇಕಡಾ, ಎಸ್‌ಸಿಗೆ 8, ಹಿಂದುಳಿದ ವರ್ಗಗಳಿಗೆ ಒಟ್ಟು 30. ಕರ್ನಾಟಕದಲ್ಲಿ 2022ರಲ್ಲಿ ಎಸ್‌ಟಿ ಪಾಲು 3ರಿಂದ 7ಕ್ಕೆ ಏರಿತು. ಹಾಗಾಗಿ ತಂಗಿಯ ಮಗನ ಪಾಲು ದೊಡ್ಡದು ಅಂತ ಕಾಣುತ್ತದೆ. ಆದರೆ 2011ರ ಜನಗಣತಿಯಲ್ಲಿ ಕರ್ನಾಟಕದ ನೂರರಲ್ಲಿ ಸುಮಾರು 7 ಜನ ಪರಿಶಿಷ್ಟ ಪಂಗಡದವರು, ಕೇರಳದಲ್ಲಿ ನೂರಕ್ಕೆ ಒಂದೂವರೆ. ಪಂಕ್ತಿಯೂ ಅಲ್ಲಿ ಅಷ್ಟೇ ಉದ್ದ. 2 ಅಂದರೆ ಕಡಿಮೆ ಅಂತ ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ.

ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ. ವಿಲ್ಲೇಜ್ ಆಫೀಸಿನ ವಿಚಾರಣೆ ಆಗಿ ತಹಶೀಲ್ದಾರರಿಂದ ಬರಬೇಕು. ಎರಡು ಕಡೆ ಗಮನ ಇರಲಿ. ಶಾಲೆಯ ದಾಖಲೆಯಲ್ಲಿ ಮರಾಟಿ ಅಂತಲೇ ಇದೆಯಾ ನೋಡಿ. ಕೆಲವರಿಗೆ ಮರಾಠಿ, ಮರಾಠ ಅಂತ ಬರೆದುಬಿಟ್ಟಿದ್ದಾರೆ. ಅದು ಬೇರೆಯೇ ಜನ, ಆ ಒಂದು ಅಕ್ಷರಕ್ಕೆ ಅರ್ಜಿ ನಿಂತುಹೋಗುತ್ತದೆ. ಇನ್ನೊಂದು, ಎಸ್‌ಟಿ ಪಟ್ಟಿಯಲ್ಲಿ ಮರಾಟಿ ಜೊತೆಗೆ ಇರುವುದು ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ಹೆಸರು. ಮಂಜೇಶ್ವರ ತಾಲೂಕು ಆಮೇಲೆ ಕಾಸರಗೋಡಿನಿಂದ ಬೇರೆಯಾದದ್ದು. ಯಾರಾದರೂ ಸಂಶಯ ಎತ್ತಿದರೆ ಇದನ್ನು ಸಮಾಧಾನದಲ್ಲಿ ವಿವರಿಸಿ, ಹಳೆಯ ಭೂದಾಖಲೆ ಮತ್ತು ತಂದೆಯ ಶಾಲಾ ದಾಖಲೆ ತೋರಿಸಿ. ಈ ಕೆಲಸ ಫಲಿತಾಂಶ ಬರುವ ತನಕ ಕಾಯುವಂಥದ್ದಲ್ಲ. ಇವತ್ತೇ ಶುರು ಮಾಡಿ.

ಇನ್ನು ಬಹಳ ಜನ ಮರೆತುಬಿಡುವ ಬಾಗಿಲು ಕೇಂದ್ರ ಸಂಸ್ಥೆಗಳದ್ದು. ಅಲ್ಲಿ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಕೇರಳದ ಎಸ್‌ಟಿ ದೇಶದ ಯಾವ ಮೂಲೆಯ ಕೇಂದ್ರ ಸಂಸ್ಥೆಯಲ್ಲೂ ಎಸ್‌ಟಿಯೇ, ಪಾಲು 7.5 ಶೇಕಡಾ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದರಲ್ಲಿ ಬರುತ್ತದೆ. ನೀಟ್‌ನ ಅಖಿಲ ಭಾರತ ಕೋಟಾದ 15 ಶೇಕಡಾ ಸೀಟುಗಳೂ ಬರುತ್ತವೆ. ಕೇಂದ್ರದ ಇಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಲ್ಲಿ ಒಂದು ವಿಚಿತ್ರ ನೋಡಿ. ಅರ್ಧ ಸೀಟು ಆ ರಾಜ್ಯದವರಿಗೆ, ಅರ್ಧ ಹೊರಗಿನವರಿಗೆ. ಪ್ಲಸ್ ಟು ಎಲ್ಲಿ ಪಾಸಾದಿರೋ ಅದೇ ನಿಮ್ಮ ರಾಜ್ಯ. ಹಾಗಾಗಿ ನಿಮ್ಮ ಮಗಳಿಗೆ ಸ್ವಂತ ರಾಜ್ಯದ ಎನ್‌ಐಟಿ ದೂರದ ಕಲ್ಲಿಕೋಟೆ. ಹತ್ತಿರದ ಸುರತ್ಕಲ್‌ನಲ್ಲಿ ಅವಳು ಹೊರಗಿನವಳು. ಆದರೆ ಎರಡು ಕಡೆಯೂ ಆ ಎರಡು ಭಾಗಗಳಲ್ಲೂ ಎಸ್‌ಟಿ ಸೀಟುಗಳಿವೆ. ಸುರತ್ಕಲ್ ಕರ್ನಾಟಕದ್ದು, ನಮಗಿಲ್ಲ ಅಂತ ಬಿಟ್ಟುಬಿಡಬೇಡಿ.

ಪರೀಕ್ಷೆಯ ಭಾಷೆಯನ್ನೂ ಈಗಲೇ ಯೋಚಿಸಿ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇದೆ. ಆದರೆ ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರ ಹಾಕಿದರೆ ಸಿಗುವ ಪ್ರಾದೇಶಿಕ ಭಾಷೆ ಮಲಯಾಳ. ಅವಳಿಗೆ ಕನ್ನಡ ಬೇಕಿದ್ದರೆ ಅರ್ಜಿಯಲ್ಲಿ ಮಂಗಳೂರಿನಂಥ ಕೇಂದ್ರ ಆರಿಸಬೇಕು. ಕನ್ನಡ ಪತ್ರಿಕೆ ತೆಗೆದುಕೊಂಡರೆ ಜೊತೆಗೆ ಇಂಗ್ಲಿಷೂ ಇರುತ್ತದೆ, ಹೋಲಿಸಿ ನೋಡಬಹುದು. ಕೇರಳದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿ.

ಈಗ ಮಗಳ ಹಠದ ಮಾತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವಾದದ್ದು ಅಲ್ಲೇ.

ಮೊದಲು ಒಂದು ತಿಳುವಳಿಕೆ ಸರಿ ಮಾಡಬೇಕು. ಜನರಲ್ ಅನ್ನುವುದು ಬೇರೆ ಜಾತಿಯವರ ಕೋಟಾ ಅಂತ ಅವಳ ಕ್ಲಾಸಿನವರು ತಿಳಿದಿದ್ದಾರೆ, ಅವಳೂ ಹಾಗೇ ತಿಳಿದಿದ್ದಾಳೆ. ಅದು ಎಲ್ಲರದ್ದು. ಅವಳು ಎಸ್‌ಟಿ ಅಂತ ಬರೆದರೂ ಮೊದಲು ಓಪನ್ ಸೀಟಿಗೇ ಅವಳ ರ‍್ಯಾಂಕ್ ನೋಡುತ್ತಾರೆ. ಅಲ್ಲಿ ಸಿಕ್ಕಿದರೆ ಅವಳು ಮೆರಿಟ್ ಸೀಟಿನಲ್ಲೇ ಹೋಗುತ್ತಾಳೆ, ಎಸ್‌ಟಿ ಸೀಟು ಇನ್ನೊಬ್ಬ ಮಗುವಿಗೆ ಉಳಿಯುತ್ತದೆ. ಸಿಗದಿದ್ದರೆ ಮಾತ್ರ ಎಸ್‌ಟಿ ಪಟ್ಟಿ ನೋಡುತ್ತಾರೆ. 2020ರ ಸೌರವ್ ಯಾದವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಅಂದರೆ ಬರೆಯುವುದರಿಂದ ಜನರಲ್‌ನಲ್ಲಿ ಅವಳ ಅವಕಾಶ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಬರೆಯದಿದ್ದರೆ ಎರಡನೇ ಬಾಗಿಲು ಮುಚ್ಚುತ್ತದೆ, ಅಷ್ಟೇ.

ಅವಳನ್ನು ಚುಚ್ಚಿದ್ದು ಅವಕಾಶದ ಲೆಕ್ಕ ಅಲ್ಲ ಅಂತ ನನಗೆ ಗೊತ್ತು. 'ನಿನಗೇನು' ಅನ್ನುವ ಆ ಮಾತು ಚುಚ್ಚಿದ್ದು. ನಿನ್ನ ಓದಿಗೆ ಬೆಲೆ ಇಲ್ಲ ಅಂತ ಹೇಳಿದ ಹಾಗೆ. ಅದಕ್ಕೆ ಅವಳ ಓದಿನ ದಾರಿಯನ್ನೇ ಅವಳ ಮುಂದೆ ಇಡಿ. ಹತ್ತು ವರ್ಷ ಕನ್ನಡದಲ್ಲಿ ಓದಿದಳು. ಆಮೇಲೆ ಪ್ಲಸ್ ಒನ್‌ನಲ್ಲಿ ಏಕಾಏಕಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲ ಇಂಗ್ಲಿಷಿನಲ್ಲಿ. ಸಂಶಯ ಕೇಳಿದರೆ ವಿವರಣೆ ಎಷ್ಟೋ ಸಲ ಮಲಯಾಳದಲ್ಲಿ. ನಮ್ಮ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದ್ದಕ್ಕೆ ಮಕ್ಕಳೇ ಪ್ರತಿಭಟನೆಗೆ ಕೂತದ್ದನ್ನು ಜಿಲ್ಲೆಯವರೆಲ್ಲ ನೋಡಿದ್ದಾರೆ. ಪಟ್ಟಣದ ಮಗು ಆರನೇ ತರಗತಿಯಿಂದಲೇ ಕೋಚಿಂಗ್‌ಗೆ ಹೋಗುತ್ತದೆ. ಪೆರ್ಲದಿಂದ ಒಳ್ಳೆಯ ಕೋಚಿಂಗ್ ಅಂದರೆ ಮಂಗಳೂರಿಗೇ ಹೋಗಬೇಕು, ಅಲ್ಲಿ ಉಳಿಯುವ ಖರ್ಚು ಬೇರೆ. ಇಷ್ಟೆಲ್ಲ ದಾಟಿ ಬಂದ ರ‍್ಯಾಂಕನ್ನೂ ಏನೂ ದಾಟಬೇಕಾಗಿರದ ರ‍್ಯಾಂಕನ್ನೂ ಒಂದೇ ಪಟ್ಟಿಯಲ್ಲಿಟ್ಟು, ಇದೇ ಯೋಗ್ಯತೆ ಅನ್ನುವುದು ಹೇಗೆ ನ್ಯಾಯ? ರ‍್ಯಾಂಕ್ ಒಂದು ದಿನದ ಮೂರು ಗಂಟೆಯನ್ನು ಅಳೆಯುತ್ತದೆ. ಆ ಮೂರು ಗಂಟೆಯ ಹಿಂದಿನ ಹನ್ನೆರಡು ವರ್ಷ ಅದಕ್ಕೆ ಕಾಣುವುದಿಲ್ಲ.

ಮತ್ತೆ, ಮೀಸಲಾತಿ ಇರುವುದು ಒಳಗೆ ಹೋಗುವ ಬಾಗಿಲಲ್ಲಿ ಮಾತ್ರ. ಹೊರಗೆ ಬರುವಾಗ ಎಂಬಿಬಿಎಸ್ ಪರೀಕ್ಷೆಯ ಪಾಸ್ ಮಾರ್ಕು ಎಲ್ಲರಿಗೂ ಒಂದೇ. ಕೆಲಸದ ಗುಣಮಟ್ಟ ಬೀಳುತ್ತದೆ ಅನ್ನುವವರಿಗೆ, ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಭಾರತೀಯ ರೈಲ್ವೆಯ ಅಂಕಿಅಂಶ ಇಟ್ಟುಕೊಂಡು ಮಾಡಿದ ಅಧ್ಯಯನ ಇದೆ. ಎಸ್‌ಸಿ, ಎಸ್‌ಟಿ ನೌಕರರು ಜಾಸ್ತಿಯಾದ ಕಡೆ ಉತ್ಪಾದಕತೆ ಕುಸಿದಿದೆ ಅನ್ನುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ.

ಈ ವಾದ ಹೊಸದೇನೂ ಅಲ್ಲ. ಕಾಲೇಜು ಸೀಟಿನ ಮೀಸಲಾತಿಯ ಮೊದಲ ದೊಡ್ಡ ಜಗಳ ನಡೆದದ್ದು ನಾವು ಆಗ ಸೇರಿದ್ದ ಮದ್ರಾಸು ರಾಜ್ಯದಲ್ಲೇ. ಪ್ರತಿ 14 ಸೀಟನ್ನು ಸಮುದಾಯಗಳಿಗೆ ಹಂಚುವ ಸರಕಾರಿ ಆದೇಶ ಅಲ್ಲಿತ್ತು. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಅದೇ ವರ್ಷ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಲು ಬಿಡುವ 15(4)ನೇ ವಿಧಿ ಸೇರಿಸಿತು. ಆಮೇಲೆ 50 ಶೇಕಡಾ ದಾಟಬಾರದು ಅನ್ನುವ ಗೆರೆ ಹುಟ್ಟಿದ್ದು 1962ರಲ್ಲಿ ತೀರ್ಪಾದ ಬಾಲಾಜಿ ಪ್ರಕರಣದಲ್ಲಿ, ಆಗಿನ ಮೈಸೂರು ರಾಜ್ಯದ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳ ಮೇಲೆ. ನಿಮ್ಮ ಮಗಳು ಎಸ್‌ಟಿ ಅಂತ ಬರೆಯುವ ಆ ಚೌಕದ ಹಿಂದೆ ಇಷ್ಟು ಜನರ ಹೋರಾಟ, ಇಷ್ಟು ವರ್ಷಗಳ ಚರ್ಚೆ ಇದೆ. ಯಾರೋ ಕರುಣೆಯಿಂದ ಕೊಟ್ಟ ಭಿಕ್ಷೆ ಅದಲ್ಲ.

ಇಷ್ಟು ಹೇಳಿದ ಮೇಲೆ ಆ ಸಹಪಾಠಿಯ ಬಗ್ಗೆಯೂ ಒಂದು ಮಾತು. ಅವರ ಮನೆಯಲ್ಲೂ ಕಷ್ಟ ಇರಬಹುದು. ಮೀಸಲಾತಿ ಇಲ್ಲದ ಸಮುದಾಯದ ಬಡ ಮಕ್ಕಳಿಗೆ ಕೇರಳದಲ್ಲಿ ಇಡಬ್ಲ್ಯೂಎಸ್ 10 ಶೇಕಡಾ ಇದೆ. ವರ್ಷಕ್ಕೆ 4 ಲಕ್ಷ ಆದಾಯ, ಪಂಚಾಯತಿನಲ್ಲಾದರೆ ಎರಡೂವರೆ ಎಕ್ರೆ ಜಾಗ, ಇದು ಕೇರಳದ ಮಿತಿ. ಕೇಂದ್ರದಲ್ಲಿ ಮಿತಿ 8 ಲಕ್ಷ, ಕೃಷಿ ಜಾಗ 5 ಎಕ್ರೆಗಿಂತ ಕಡಿಮೆ ಇರಬೇಕು. ಮೂರು ಎಕ್ರೆ ಅಡಿಕೆ ತೋಟದವರು ಕೇರಳದಲ್ಲಿ ಹೊರಗೆ ಬಿದ್ದರೂ ಕೇಂದ್ರದ ಸೀಟಿಗೆ ಕೇಳಬಹುದು. ಅವರಿಗೆ ಇದು ಗೊತ್ತಿಲ್ಲದಿದ್ದರೆ ನಿಮ್ಮ ಮಗಳೇ ಹೇಳಲಿ. ಬಿಲ್ಲವ ಮಕ್ಕಳೂ ಅಷ್ಟೇ. ಕರ್ನಾಟಕದಲ್ಲಿ ಹಿಂದುಳಿದ ವರ್ಗದ 2ಎ ಗುಂಪಿನಲ್ಲಿ ಇರುವವರು ಇಲ್ಲಿ ಈಳವ ಗುಂಪಿನ 9 ಶೇಕಡಾದಲ್ಲಿ ಬರುತ್ತಾರೆ, ಎಷ್ಟೋ ಮನೆಗಳಲ್ಲಿ ಅದೇ ತಿಳಿದಿಲ್ಲ. ಕೊರಗ ಮಕ್ಕಳು ನಿಮ್ಮ ಮಗಳಿರುವ ಎಸ್‌ಟಿ ಪಟ್ಟಿಯಲ್ಲೇ ಇದ್ದಾರೆ, ಆದರೆ ಪ್ಲಸ್ ಟು ಮುಟ್ಟುವವರೇ ಕಡಿಮೆ. ಅವರಿಗೆ ಆ ಪಟ್ಟಿಯೊಳಗೆ ಪ್ರತ್ಯೇಕ ಪಾಲು ಬೇಕು ಅನ್ನುವುದು ನನ್ನ ಅಭಿಪ್ರಾಯ.

ಕೇರಳ ಸರಕಾರ ಮಾಡಬೇಕಾದದ್ದೂ ಇದೆ. ವೃತ್ತಿಪರ ಪ್ರವೇಶದಲ್ಲಿ ಭಾಷೆಯಿಂದಾದ ಹಿನ್ನಡೆಗೆ ತೂಕ ಕೊಡಬೇಕು. ದೆಹಲಿಯ ಜೆಎನ್‌ಯು ಹಲವು ವರ್ಷ ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಹೆಚ್ಚುವರಿ ಅಂಕ ಕೊಡುತ್ತಿತ್ತು. ಹುಟ್ಟಿದ ಜಾತಿಯ ಜೊತೆಗೆ ಓದಿದ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆ ಕ್ರಮ ನನಗೆ ಬಹಳ ಸರಿ ಕಂಡಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ, ಜಾತಿ ಯಾವುದೇ ಇರಲಿ, ಅಂಥದ್ದೊಂದು ಸಣ್ಣ ಆಸರೆ ಸಿಗಬೇಕು.

ನಿಮ್ಮ ಮನೆಯ ಮಟ್ಟಿಗೆ ನಾನು ಹೇಳುವುದು ಇಷ್ಟು. ಕೇರಳದ ಅರ್ಜಿ ಎಸ್‌ಟಿ ಅಂತ ಬರೆದೇ ಹಾಕಿ, ನೀಟ್ ಮತ್ತು ಜೆಇಇಯಲ್ಲೂ ಬರೆಯಿರಿ. ಕರ್ನಾಟಕದ ಸಿಇಟಿಗೆ ಗಡಿನಾಡ ಕನ್ನಡಿಗಳಾಗಿ ಬೇರೆಯೇ ಅರ್ಜಿ ಹಾಕಿ. ಎರಡು ರಾಜ್ಯಕ್ಕೂ ಅರ್ಜಿ ಹಾಕಿದರೆ ತಪ್ಪಿಲ್ಲ. ಆಪ್ಶನ್ ಕೊಡುವಾಗ ಕರ್ನಾಟಕದಲ್ಲಿ ಜನರಲ್ ಮೆರಿಟ್‌ನ ಕೊನೆಯ ರ‍್ಯಾಂಕ್ ಎಲ್ಲಿಗೆ ನಿಂತಿತ್ತು, ಕೇರಳದಲ್ಲಿ ಎಸ್‌ಟಿಯ ಕೊನೆಯ ರ‍್ಯಾಂಕ್ ಎಲ್ಲಿಗೆ ನಿಂತಿತ್ತು ಅಂತ ಹೋದ ವರ್ಷದ ಪಟ್ಟಿ ಎದುರಿಗಿಟ್ಟುಕೊಂಡು ನೋಡಿ. ಎಂಬಿಬಿಎಸ್ ಆದರೆ ಕೇರಳದ ದಾರಿಯೇ ಹತ್ತಿರ ಅಂತ ನನಗೆ ಅನ್ನಿಸುತ್ತದೆ. ಇಂಜಿನಿಯರಿಂಗ್ ಆದರೆ ಮಂಗಳೂರಿನ ಕಾಲೇಜಿಗೂ ಅವಕಾಶ ಚೆನ್ನಾಗಿದೆ, ಮನೆಯಿಂದ ಹೋಗಿ ಬರಲೂ ಆಗಬಹುದು.

ಅವಳು ಕರ್ನಾಟಕದಲ್ಲೇ ಸೇರಿದರೂ ಕೇರಳದ ಎಸ್‌ಟಿ ಸರ್ಟಿಫಿಕೇಟನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡಬೇಡಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಬೇಕಾದದ್ದು ವಿದ್ಯಾರ್ಥಿ ಯಾವ ರಾಜ್ಯದವಳೋ ಆ ರಾಜ್ಯ. ಅದಕ್ಕೆ ಕೇರಳದ ಪರಿಶಿಷ್ಟ ಪಂಗಡ ಇಲಾಖೆಯ ಕಾಸರಗೋಡು ಕಚೇರಿಯಲ್ಲಿ ವಿಚಾರಿಸಿ, ಸೀಟು ಗೊತ್ತಾದ ವಾರದಲ್ಲೇ ಅರ್ಜಿ ಕೊಡಿ.